ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ಸೇರಬೇಕಾ? ಪ್ರವೇಶ, ಹಾಸ್ಟೆಲ್, ಕ್ಯಾಂಪಸ್ ಬಗ್ಗೆ ಕೇಳಿ

ಎಲ್ಲರಿಗೂ ನಮಸ್ಕಾರ. ನಾನು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ. ಬಿ.ಎ.ವರೆಗೂ ಓದಿದ್ದು ಕನ್ನಡ ಮಾಧ್ಯಮದಲ್ಲೇ, ರಾಯಚೂರು ಜಿಲ್ಲೆಯ ಸರ್ಕಾರಿ ಕಾಲೇಜುಗಳಲ್ಲಿ. ನಮ್ಮ ಕಡೆಯಿಂದ ಈ ಕ್ಯಾಂಪಸ್ಸಿಗೆ ಇನ್ನೂ ಜಾಸ್ತಿ ಮಕ್ಕಳು ಬರಬೇಕು ಅನ್ನೋದು ನನ್ನ ಆಸೆ. ಅದಕ್ಕೇ ಗ್ರೂಪಿನಲ್ಲಿ ಈ ಪ್ರಶ್ನೋತ್ತರ ಶುರು ಮಾಡಿದ್ದೇನೆ. ಅಂಕ ಸಾಲದೆ ಸೀಟು ತಪ್ಪಿದವರಿಗಿಂತ, ಯಾವಾಗ ಎಲ್ಲಿ ಅರ್ಜಿ ಹಾಕಬೇಕು ಅಂತ ಗೊತ್ತಾಗದೆ, ಇಲ್ಲವೇ ಒಂದು ಸರ್ಟಿಫಿಕೇಟ್ ಕೈಗೆ ಬಾರದೆ ಸೀಟು ತಪ್ಪಿದವರನ್ನೇ ನಾನು ಜಾಸ್ತಿ ನೋಡಿದ್ದೇನೆ. ನಾನು ಆಫೀಸಿನವಳಲ್ಲ, ವಿದ್ಯಾರ್ಥಿನಿ. ಆ ವರ್ಷದ ದಿನಾಂಕ, ಫೀಸು ಇವನ್ನು ವಿಶ್ವವಿದ್ಯಾಲಯದ ವೆಬ್‌ಸೈಟ್‌ನಲ್ಲೇ ನೋಡಿಕೊಳ್ಳಿ. ಉಳಿದದ್ದು ಕೇಳಿ.

ಪ್ರಶ್ನೆ (ಕೊಪ್ಪಳ, ಬಿ.ಎ. ಕೊನೆಯ ವರ್ಷ): ಅಕ್ಕ, ಎಂ.ಎ. ಸೀಟು ಹೇಗೆ ಕೊಡುತ್ತಾರೆ? ಪರೀಕ್ಷೆ ಬರೆಯೋಕೆ ಹೈದರಾಬಾದಿಗೇ ಬರಬೇಕಾ?

ಉತ್ತರ: ಬರಬೇಕಿಲ್ಲ. ಇದು ಕೇಂದ್ರೀಯ ವಿಶ್ವವಿದ್ಯಾಲಯ. ಹೆಚ್ಚಿನ ಎಂ.ಎ., ಎಂ.ಎಸ್ಸಿ. ಕೋರ್ಸ್‌ಗಳಿಗೆ ಸಿಯುಇಟಿ-ಪಿಜಿ ಅನ್ನೋ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಅಂಕದ ಮೇಲೆ ಸೀಟು. ಆ ಪರೀಕ್ಷೆಯನ್ನು ಎನ್‌ಟಿಎ (ರಾಷ್ಟ್ರೀಯ ಪರೀಕ್ಷಾ ಸಂಸ್ಥೆ) ನಡೆಸುತ್ತದೆ. ಕರ್ನಾಟಕದಲ್ಲೇ ಪರೀಕ್ಷಾ ಕೇಂದ್ರಗಳು ಇರುತ್ತವೆ. ಕಂಪ್ಯೂಟರ್ ಮುಂದೆ ಕೂತು 75 ಪ್ರಶ್ನೆಗಳಿಗೆ ಉತ್ತರ ಗುರುತಿಸಬೇಕು. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಟ್, ಬಿಟ್ಟರೆ ಸೊನ್ನೆ. ಒಟ್ಟು 300 ಅಂಕ. ಅರ್ಜಿ ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ ಬರುತ್ತದೆ, ಪರೀಕ್ಷೆ ಮಾರ್ಚ್ ಸುಮಾರಿಗೆ. ನಮ್ಮ ಕಡೆ ಡಿಗ್ರಿ ಮುಗಿದ ಮೇಲೆ ಜೂನ್, ಜುಲೈನಲ್ಲಿ ಪಿಜಿ ಯೋಚನೆ ಮಾಡೋದು ರೂಢಿ, ಅಲ್ವಾ? ಅಷ್ಟರಲ್ಲಿ ಇಲ್ಲಿನ ಬಾಗಿಲು ಮುಚ್ಚಿರುತ್ತದೆ. ಐದನೇ ಸೆಮಿಸ್ಟರ್ ಮುಗಿಯೋ ಹೊತ್ತಿಗೇ ಅರ್ಜಿ ಹಾಕಿರಬೇಕು.

ಎಂಸಿಎಗೆ ನಿಮ್ಸೆಟ್, ಎಂಬಿಎಗೆ ಕ್ಯಾಟ್ ಬರೆಯಬೇಕು. ಅವುಗಳ ದಾರಿ ಬೇರೆ.

ಅದೇ ವಿದ್ಯಾರ್ಥಿನಿ: ಸಿಯುಇಟಿ ಬರೆದು ಒಳ್ಳೆ ಸ್ಕೋರ್ ಬಂದರೆ ಅವರೇ ಕರೀತಾರಾ?

ಉತ್ತರ: ಇಲ್ಲ ಪುಟ್ಟಿ, ಇಲ್ಲೇ ತುಂಬಾ ಜನ ಎಡವೋದು. ಎನ್‌ಟಿಎ ಕೊಡೋದು ಸ್ಕೋರ್ ಕಾರ್ಡ್ ಮಾತ್ರ. ಸೀಟು ಹಂಚುವ ಒಂದೇ ಕೌನ್ಸೆಲಿಂಗ್ ಅಂತ ಇಲ್ಲ. ನಮ್ಮ ಸಿಇಟಿ ಥರ ಅಂದುಕೊಂಡು ಸುಮ್ನೆ ಕೂತರೆ ಯಾರೂ ಕರೆಯೋದಿಲ್ಲ. ಫಲಿತಾಂಶದ ಹೊತ್ತಿಗೆ ಪ್ರತಿ ವಿಶ್ವವಿದ್ಯಾಲಯವೂ ತನ್ನದೇ ಪೋರ್ಟಲ್ ತೆರೆಯುತ್ತದೆ. ಅಲ್ಲಿ ಹೊಸದಾಗಿ ರಿಜಿಸ್ಟರ್ ಆಗಿ, ಸ್ಕೋರ್ ತುಂಬಿ, ಕೋರ್ಸ್ ಆರಿಸಿ, ಬೇರೆ ಫೀಸು ಕಟ್ಟಬೇಕು. ಸಿಕ್ಕೋ ಸಮಯ ಕಡಿಮೆ. ಏಪ್ರಿಲ್‌ನಿಂದ ದಿನ ಬಿಟ್ಟು ದಿನ ವೆಬ್‌ಸೈಟ್ ನೋಡುತ್ತಿರಿ. ಅರ್ಜಿಯಲ್ಲಿ ಸೈಬರ್ ಸೆಂಟರ್‌ನವರ ಇಮೇಲ್, ಫೋನ್ ನಂಬರ್ ಕೊಡಬೇಡಿ. ನಿಮ್ಮದೇ ಕೊಡಿ, ಪಾಸ್‌ವರ್ಡ್ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಇನ್ನೊಂದು ಮಾತು. ಅದೇ ಸ್ಕೋರ್ ಇಟ್ಟುಕೊಂಡು ಕಲಬುರಗಿ ಹತ್ತಿರ ಕಡಗಂಚಿಯಲ್ಲಿರೋ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕಬಹುದು. ಎರಡೂ ಕಡೆ ಹಾಕಿ.

ಪ್ರಶ್ನೆ (ಕಲಬುರಗಿ): ನನ್ನ ಹತ್ತಿರ 371ಜೆ ಸರ್ಟಿಫಿಕೇಟ್ ಇದೆ. ಅಲ್ಲಿ ನಡೆಯುತ್ತಾ?

ಉತ್ತರ: ನಡೆಯೋದಿಲ್ಲ. ಸಂವಿಧಾನದ 371ಜೆ ವಿಧಿಯಂತೆ ಕಲ್ಯಾಣ ಕರ್ನಾಟಕದ ನಮಗೆ ಸಿಗೋ ಮೀಸಲಾತಿ ಕರ್ನಾಟಕ ಸರ್ಕಾರದ ಸೀಟು, ನೌಕರಿಗಳಿಗೆ. ಇಲ್ಲಿ ಕೇಂದ್ರದ ಲೆಕ್ಕ: ಎಸ್‌ಸಿ 15%, ಎಸ್‌ಟಿ 7.5%, ಒಬಿಸಿ (ಇತರೆ ಹಿಂದುಳಿದ ವರ್ಗ) 27%, ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ) 10%, ಜೊತೆಗೆ ಅಂಗವಿಕಲರಿಗೆ 5%. ಅಂದಹಾಗೆ ಈ ವಿಶ್ವವಿದ್ಯಾಲಯ ಹುಟ್ಟಿದ್ದಕ್ಕೂ ಸಂವಿಧಾನದಲ್ಲಿ ಒಂದು ವಿಧಿ ಇದೆ, 371ಇ. ಅದರಂತೆ 1974ರಲ್ಲಿ ಸಂಸತ್ತು ಕಾಯ್ದೆ ಮಾಡಿ ಇದನ್ನು ಕಟ್ಟಿತು. ನಮ್ಮ ವಿಧಿಗೂ ಇದಕ್ಕೂ ಒಂದೇ ಮನೆತನದ ಹೆಸರು, ಆದರೆ ನಮ್ಮ ಸರ್ಟಿಫಿಕೇಟ್ ಇಲ್ಲಿ ತೋರಿಸುವಂತಿಲ್ಲ.

ಪ್ರಶ್ನೆ (ಬಳ್ಳಾರಿ): ನಾನು 2ಎ. ನಾಡಕಚೇರಿಯಲ್ಲಿ ಮಾಡಿಸಿದ ಜಾತಿ, ಆದಾಯ ಪ್ರಮಾಣಪತ್ರ ಇದೆ. ಆರ್‌ಡಿ ನಂಬರ್ ಕೂಡ ಇದೆ. ಇಷ್ಟು ಸಾಕಲ್ವಾ?

ಉತ್ತರ: ಸಾಲದು. ಸ್ವಲ್ಪ ಉದ್ದ ಬರೆಯುತ್ತೇನೆ, ಎಲ್ಲರೂ ಓದಿ.

ನಿಮ್ಮ ಕೈಯಲ್ಲಿರೋದು ರಾಜ್ಯದ ಪ್ರವರ್ಗದ ಪ್ರಮಾಣಪತ್ರ. ಎಸ್‌ಎಸ್‌ಪಿಗೆ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್), ರಾಜ್ಯದ ಕಾಲೇಜಿಗೆ ಅದೇ ನಡೆಯುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ 2ಎ, 3ಎ, 3ಬಿ ಅನ್ನೋದೇ ಲೆಕ್ಕಕ್ಕಿಲ್ಲ. ಇಲ್ಲಿ ಕೇಳೋದು ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ. ಅದರಲ್ಲಿ ನೀವು ಕೆನೆಪದರಕ್ಕೆ, ಅಂದರೆ ಹಿಂದುಳಿದ ವರ್ಗದೊಳಗಿನ ಉಳ್ಳವರ ಗುಂಪಿಗೆ, ಸೇರಿಲ್ಲ ಅಂತ ಬರೆದಿರಬೇಕು. ನಾಡಕಚೇರಿಯಲ್ಲಿ ಇದಕ್ಕೆ ಬೇರೆ ಅರ್ಜಿ ಇದೆ. ಕೌಂಟರಿನಲ್ಲಿ "ಜಾತಿ ಸರ್ಟಿಫಿಕೇಟ್ ಬೇಕು" ಅಂದರೆ ಹಳೆಯದನ್ನೇ ಮತ್ತೆ ಪ್ರಿಂಟ್ ಹಾಕಿ ಕೊಡುತ್ತಾರೆ. "ಒಬಿಸಿ, ಕೇಂದ್ರ ಸರ್ಕಾರದ್ದು" ಅಂತ ಬಿಡಿಸಿ ಹೇಳಿ. ಕೈಗೆ ಬಂದ ಮೇಲೆ ಅಲ್ಲೇ ನಿಂತು ಓದಿ. ನಿಮ್ಮ ಹೆಸರು, ತಂದೆ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇದೆಯಾ? ಜಾತಿಯ ಹೆಸರು ಕೇಂದ್ರದ ಪಟ್ಟಿಯಲ್ಲಿ ಇರುವಂತೆಯೇ ಇದೆಯಾ? ಒಂದು ಅಕ್ಷರ ಹೆಚ್ಚುಕಡಿಮೆ ಆದರೂ ದಾಖಲೆ ಪರಿಶೀಲನೆ ದಿನ ಅಫಿಡವಿಟ್ಟಿಗೆ ಓಡಬೇಕಾಗುತ್ತದೆ.

ಮೊದಲು ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯಾ ನೋಡಿ. ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ವೆಬ್‌ಸೈಟ್‌ನಲ್ಲಿ ಕರ್ನಾಟಕದ ಪಟ್ಟಿ ಸಿಗುತ್ತದೆ. ರಾಜ್ಯದ ಪಟ್ಟಿಯಲ್ಲಿರೋ ಎಲ್ಲ ಜಾತಿಗಳೂ ಅದರಲ್ಲಿ ಇಲ್ಲ. ಇಲ್ಲದಿದ್ದರೆ ಇಡಬ್ಲ್ಯುಎಸ್ ಸಿಗುತ್ತಾ ಅಂತ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ.

ಒಬಿಸಿ, ಇಡಬ್ಲ್ಯುಎಸ್ ಎರಡಕ್ಕೂ ವರ್ಷದ ಆದಾಯ 8 ಲಕ್ಷದ ಮಿತಿ ಅಂತ ಕೇಳಿರುತ್ತೀರಿ, ಆದರೆ ಲೆಕ್ಕ ಹಾಕೋ ರೀತಿ ಬೇರೆ. ಒಬಿಸಿ ಕೆನೆಪದರದ ಆದಾಯ ಲೆಕ್ಕದಲ್ಲಿ ತಂದೆ ತಾಯಿಯ ಸಂಬಳ ಮತ್ತು ಹೊಲದ ಆದಾಯ ಸೇರಿಸುವುದಿಲ್ಲ. ಸರ್ಕಾರಿ ನೌಕರರ ಮಕ್ಕಳಿಗೆ ತಂದೆ ತಾಯಿಯ ಹುದ್ದೆಯ ದರ್ಜೆ ನೋಡುತ್ತಾರೆ. ಇಡಬ್ಲ್ಯುಎಸ್‌ನಲ್ಲಿ ಮಾತ್ರ ಎಲ್ಲ ಆದಾಯವೂ ಲೆಕ್ಕಕ್ಕೆ ಬರುತ್ತದೆ, ಮನೆತನಕ್ಕೆ 5 ಎಕರೆ ಅಥವಾ ಅದಕ್ಕಿಂತ ಹೆಚ್ಚು ಸಾಗುವಳಿ ಜಮೀನಿದ್ದರೆ ಸಿಗೋದೇ ಇಲ್ಲ. ಮಳೆ ನಂಬಿದ ಎರೆಹೊಲ ಐದೆಕರೆ ಇದ್ದರೆ ಅದೇನು ಶ್ರೀಮಂತಿಕೆ ಅಂತ ನನಗೂ ಅನಿಸುತ್ತದೆ. ಆದರೆ ನಿಯಮ ಹಾಗಿದೆ.

ಪ್ರವೇಶದ ಹೊತ್ತಿಗೆ ಏಪ್ರಿಲ್ 1ರ ನಂತರ ಪಡೆದ ಹೊಸ ಪ್ರಮಾಣಪತ್ರ ಕೇಳೋದು ರೂಢಿ. ಆದ್ದರಿಂದ ಏಪ್ರಿಲ್ ಮೊದಲ ವಾರವೇ ನಾಡಕಚೇರಿಗೆ ಹೋಗಿ.

ಪ್ರಶ್ನೆ (ಯಾದಗಿರಿ): ಅಕ್ಕ, ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುತ್ತಾ? ನನಗೆ ಇಂಗ್ಲಿಷ್ ಅಂದರೆ ಭಯ. ಕ್ಲಾಸೂ ಇಂಗ್ಲಿಷಿನಲ್ಲೇ ಅಂತೆ.

ಉತ್ತರ: ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರದಂಥ ಪತ್ರಿಕೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಕನ್ನಡದಲ್ಲಿ ಮೂರು ವರ್ಷ ಚೆನ್ನಾಗಿ ಓದಿದವರು ವಿಷಯ ಗೊತ್ತಿದ್ದೂ ಪ್ರಶ್ನೆ ಅರ್ಥವಾಗದೆ ಅಂಕ ಬಿಡುತ್ತಾರೆ. ಆದರೆ ಅದಕ್ಕೆ ಹೆದರಿ ಅರ್ಜಿಯನ್ನೇ ಹಾಕದಿರಬೇಡಿ. ಆಯ್ಕೆ ಪ್ರಶ್ನೆಗೆ ಬೇಕಾದ ಇಂಗ್ಲಿಷ್ ಸ್ವಲ್ಪವೇ. 11, 12ನೇ ತರಗತಿಯ ಎನ್‌ಸಿಇಆರ್‌ಟಿ ಇತಿಹಾಸ ಪುಸ್ತಕಗಳು ಇಂಗ್ಲಿಷಿನಲ್ಲಿ ಪುಕ್ಕಟೆ ಡೌನ್‌ಲೋಡ್ ಆಗುತ್ತವೆ. ನಿಮ್ಮ ಕನ್ನಡ ಪುಸ್ತಕದ ಪಾಠ ಮೊದಲು ಓದಿ, ಆಮೇಲೆ ಅದೇ ಪಾಠ ಇಂಗ್ಲಿಷಿನಲ್ಲಿ ಓದಿ. ವಿಷಯ ಗೊತ್ತಿರೋದರಿಂದ ಮುಂದಕ್ಕೆ ಸಾಗುತ್ತೀರಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಮಾಡಿ.

ಕ್ಲಾಸ್ ವಿಷಯಕ್ಕೆ ಬಂದರೆ, ಮೊದಲ ಸೆಮಿಸ್ಟರ್ ಕಷ್ಟ. ಪಾಠ ಅಂದರೆ ನೋಟ್ಸ್ ಬರೆಸೋದು ಅಲ್ಲ ಇಲ್ಲಿ. ಒಂದು ಲೇಖನ ಕೊಡುತ್ತಾರೆ, ಇಪ್ಪತ್ತು ಮೂವತ್ತು ಪುಟ. ಓದಿಕೊಂಡು ಬಂದವರು ಕ್ಲಾಸಿನಲ್ಲಿ ವಾದ ಮಾಡುತ್ತಾರೆ. ನಾನು ಮಾಡುತ್ತಿದ್ದದ್ದು ಹೀಗೆ. ಲೇಖನವನ್ನು ಜೆರಾಕ್ಸ್ ಮಾಡಿಸಿ, ಒಂದೊಂದು ಪ್ಯಾರಾ ಓದಿದ ಕೂಡಲೇ ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲ್‌ನಿಂದ ಕನ್ನಡದಲ್ಲಿ ಒಂದೇ ಸಾಲು: "ಇಲ್ಲಿ ಹೇಳಿದ್ದು ಇಷ್ಟು". ಅರ್ಥವಾಗದ ಕಡೆ ಪ್ರಶ್ನಾರ್ಥಕ ಚಿಹ್ನೆ. ಕೊನೆಯಲ್ಲಿ ಆ ಕನ್ನಡ ಸಾಲುಗಳನ್ನಷ್ಟೇ ಮೇಲಿಂದ ಕೆಳಗೆ ಓದಿದರೆ ಇಡೀ ವಾದ ಕಣ್ಣ ಮುಂದೆ ಬರುತ್ತದೆ. ಪ್ರಶ್ನಾರ್ಥಕ ಹಾಕಿದ್ದನ್ನು ಕ್ಲಾಸಿನಲ್ಲಿ ಕೇಳಿ. ವಾಕ್ಯ ಹರಕುಮುರುಕಾದರೂ ಪರವಾಗಿಲ್ಲ. ಕೇರಳದವರು, ಒಡಿಶಾದವರು, ಬಂಗಾಳದವರು, ತೆಲಂಗಾಣದ ಹಳ್ಳಿಗಳವರು ಎಲ್ಲರೂ ಕೂತಿರುತ್ತಾರೆ. ಅವರಲ್ಲೂ ಎಷ್ಟೋ ಜನರಿಗೆ ಇದೇ ಭಯ.

100 ಅಂಕದಲ್ಲಿ 40 ಇಂಟರ್ನಲ್, 60 ಸೆಮಿಸ್ಟರ್ ಕೊನೆಯ ಪರೀಕ್ಷೆ. ಇಂಟರ್ನಲ್‌ಗೆ ಟೆಸ್ಟ್, ಪುಸ್ತಕ ವಿಮರ್ಶೆ, ಸೆಮಿನಾರ್ ಹೀಗೆ ಇರುತ್ತದೆ. ನಮ್ಮ ಊರಿನ ಶಾಸನ, ಜಾತ್ರೆ, ಕಾಲುವೆ ಇಂಥ ವಿಷಯ ಹಿಡಿದು ಬರೆಯಿರಿ. ಕನ್ನಡ ಮೂಲಗಳನ್ನು ನೇರವಾಗಿ ಓದಬಲ್ಲವರು ಕ್ಲಾಸಿನಲ್ಲಿ ನೀವೊಬ್ಬರೇ ಇರಬಹುದು. ನನ್ನ ಮೇಷ್ಟ್ರು ಅಂಥ ಪೇಪರನ್ನು ಆಸೆಯಿಂದ ಓದುತ್ತಾರೆ.

ಪ್ರಶ್ನೆ (ಸೇಡಂನಿಂದ ಒಬ್ಬ ತಂದೆ): ನಮಸ್ಕಾರ ಮಗಳೇ. ನನ್ನ ಮಗಳು ಬರಬೇಕು ಅಂತಾಳೆ. ಅಷ್ಟು ದೊಡ್ಡ ಊರು. ಹಾಸ್ಟೆಲ್, ರ‍್ಯಾಗಿಂಗ್ ಬಗ್ಗೆ ಹೇಳವ್ವ.

ಉತ್ತರ: ನಮಸ್ಕಾರ ಕಾಕಾ. ನಿಮ್ಮ ಚಿಂತೆ ಸಹಜ. ನಮ್ಮ ಅಪ್ಪನೂ ಇದನ್ನೇ ಕೇಳಿದ್ದರು.

ಕ್ಯಾಂಪಸ್ ಇರೋದು ಗಚ್ಚಿಬೌಲಿಯಲ್ಲಿ. ಒಳಗೇ ಹಾಸ್ಟೆಲ್, ಅಂಗಡಿ, ಆರೋಗ್ಯ ಕೇಂದ್ರ, ಲೈಬ್ರರಿ ಎಲ್ಲ ಇವೆ. ಗೇಟಿನಲ್ಲಿ ಸೆಕ್ಯೂರಿಟಿ ಇರುತ್ತಾರೆ. ಸೀಟು ಖಚಿತವಾದ ಕೂಡಲೇ ಹಾಸ್ಟೆಲ್ ಅರ್ಜಿ ಹಾಕಿಸಿ, ತಡ ಮಾಡಬೇಡಿ. ಕೊಠಡಿಯಲ್ಲಿ ಬೇರೆ ರಾಜ್ಯದ ಹುಡುಗಿ ಜೊತೆಗಿರಬಹುದು. ಮೊದಲ ತಿಂಗಳು ಮಗಳು ಫೋನಿನಲ್ಲಿ ಅತ್ತರೆ ಗಾಬರಿಯಾಗಿ ಬಸ್ ಹತ್ತಬೇಡಿ. ಮೆಸ್ಸಿನ ಅನ್ನ ಸಾಂಬಾರಿಗೆ ಹೊಂದಿಕೊಳ್ಳೋಕೆ ಸ್ವಲ್ಪ ದಿನ ಬೇಕು. ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿ ಕಳಿಸಿ. ಅದರಿಂದ ಗೆಳತಿಯರೂ ಬೇಗ ಸಿಗುತ್ತಾರೆ.

ರ‍್ಯಾಗಿಂಗ್‌ಗೆ 2009ರ ಯುಜಿಸಿ ನಿಯಮ ಇದೆ. ಸೇರುವಾಗ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಕೊಡಬೇಕು. ಯಾವ ಕಾಲೇಜಿನಲ್ಲೇ ಆಗಲಿ, ಏನಾದರೂ ಆದರೆ 1800-180-5522ಗೆ ಹಗಲು ರಾತ್ರಿ ಕರೆ ಮಾಡಬಹುದು. ಮಗಳ ಫೋನಿನಲ್ಲಿ ಸೇವ್ ಮಾಡಿಡಿ. ನನಗೆ ಇಲ್ಲಿ ಸೀನಿಯರ್‌ಗಳಿಂದ ಸಿಕ್ಕಿದ್ದು ಹಳೆಯ ಪುಸ್ತಕ, ನೋಟ್ಸ್.

ಸೇಡಂನಿಂದ ತಾಂಡೂರು, ವಿಕಾರಾಬಾದ್ ದಾಟಿ ಬರೋ ರೈಲು ಸಿಕಂದರಾಬಾದಿಗಿಂತ ಮೊದಲೇ ಲಿಂಗಂಪಲ್ಲಿ ಮೇಲೆ ಹೋಗುತ್ತದೆ. ಅಲ್ಲಿ ನಿಲ್ಲೋ ರೈಲು ನೋಡಿ ಟಿಕೆಟ್ ಮಾಡಿಸಿ. ಇಳಿದರೆ ಕ್ಯಾಂಪಸ್ ಹತ್ತಿರ.

ಪ್ರಶ್ನೆ (ಹೂವಿನಹಡಗಲಿ): ಕ್ಯಾಂಪಸ್ ಹೇಗಿದೆ ಅಕ್ಕ? ಮರಗಳನ್ನೆಲ್ಲ ಕಡಿದರು ಅಂತ ಟಿವಿಯಲ್ಲಿ ನೋಡಿದ್ದೆ.

ಉತ್ತರ: ನಿಮ್ಮ ಊರಿನವರಿಗೆ ಮೊದಲು ಇದನ್ನೇ ಹೇಳಬೇಕು. ಕ್ಯಾಂಪಸ್ ವಿಳಾಸದಲ್ಲಿರೋ ರಸ್ತೆಗೆ ಪ್ರೊ. ಸಿ.ಆರ್. ರಾವ್ ಅವರ ಹೆಸರು. ಜಗತ್ತೇ ಗೌರವಿಸಿದ ಆ ಸಂಖ್ಯಾಶಾಸ್ತ್ರಜ್ಞರು 1920ರಲ್ಲಿ ಹುಟ್ಟಿದ್ದು ನಿಮ್ಮ ಹಡಗಲಿಯಲ್ಲೇ.

ನೀವು ಟಿವಿಯಲ್ಲಿ ನೋಡಿದ್ದು ಕ್ಯಾಂಪಸ್ಸಿಗೆ ಅಂಟಿಕೊಂಡಿರೋ ಕಂಚ ಗಚ್ಚಿಬೌಲಿಯ 400 ಎಕರೆ. 2025ರ ಮಾರ್ಚ್ ಕೊನೆಯಲ್ಲಿ ಅಲ್ಲಿಗೆ ಜೆಸಿಬಿಗಳು ನುಗ್ಗಿದವು. ವಿದ್ಯಾರ್ಥಿಗಳು ಬೀದಿಗಿಳಿದರು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಮರ ಕಡಿಯೋದನ್ನು ನಿಲ್ಲಿಸಿತು. ಅಷ್ಟರೊಳಗೆ ಬಿದ್ದ ಮರಗಳು ಬಿದ್ದವು. ಆ ಬೋಳು ಜಾಗ ನೋಡಿದರೆ ಹೊಟ್ಟೆ ಉರಿಯುತ್ತದೆ.

ಉಳಿದ ಕ್ಯಾಂಪಸ್ ಚಂದ. ದಖ್ಖನಿನ ಗುಂಡುಕಲ್ಲುಗಳು, ಕುರುಚಲು ಕಾಡು, ಕೆರೆ. ನವಿಲು ಕೂಗಿದ್ದು ಕೊಠಡಿಗೆ ಕೇಳುತ್ತದೆ. ಚುಕ್ಕೆ ಜಿಂಕೆ ಇವೆ, ಹಾವುಗಳೂ ಇವೆ. ರಾತ್ರಿ ಓಡಾಡುವಾಗ ಟಾರ್ಚ್ ಬೇಕೇ ಬೇಕು. ಹಾಸ್ಟೆಲ್‌ನಿಂದ ವಿಭಾಗಕ್ಕೆ ದೂರ ಜಾಸ್ತಿ, ಹಳೆಯ ಸೈಕಲ್ ಒಂದು ಕೊಂಡುಕೊಳ್ಳಿ. ಸಂಜೆ ಎಲ್ಲರೂ ಸೇರೋದು ಶಾಪಿಂಗ್ ಕಾಂಪ್ಲೆಕ್ಸಿನಲ್ಲಿ, ನಮ್ಮ ಬಾಯಲ್ಲಿ ಅದು ಶಾಪ್‌ಕಾಮ್. ಒಂದು ಟೀ ಹಿಡಿದು ಜಾತಿ, ಚುನಾವಣೆ, ಕವಿತೆ, ಕ್ರಿಕೆಟ್ ಎಲ್ಲ ಮಾತಾಡುತ್ತಾರೆ. ವಿದ್ಯಾರ್ಥಿ ಸಂಘದ ಚುನಾವಣೆ ಬಂದಾಗಂತೂ ಗೋಡೆ ತುಂಬಾ ಪೋಸ್ಟರ್. ಯಾವ ಗುಂಪಿಗೂ ಮೊದಲ ತಿಂಗಳೇ ಸೇರಬೇಡಿ. ಎಲ್ಲರ ಮಾತೂ ಕೇಳಿ, ಆಮೇಲೆ ನಿಮ್ಮ ಮನಸ್ಸಿಗೆ ಬಂದಂತೆ ಮಾಡಿ.

ಪ್ರಶ್ನೆ (ರಾಯಚೂರು): ಹೊರರಾಜ್ಯಕ್ಕೆ ಹೋದರೆ ಸ್ಕಾಲರ್‌ಶಿಪ್ ನಿಂತುಹೋಗುತ್ತಾ?

ಉತ್ತರ: ಎಸ್‌ಸಿ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ನಿಲ್ಲೋದಿಲ್ಲ. ಎಲ್ಲೇ ಓದಿದರೂ ಸ್ವಂತ ರಾಜ್ಯವೇ ಕೊಡಬೇಕು. ಕುಟುಂಬದ ಆದಾಯ ವರ್ಷಕ್ಕೆ 2.5 ಲಕ್ಷದ ಒಳಗಿರಬೇಕು. ಸೇರಿದ ಕೂಡಲೇ ಬೋನಫೈಡ್ ಸರ್ಟಿಫಿಕೇಟ್, ಫೀಸು ಕಟ್ಟಿದ ರಸೀದಿ ತೆಗೆದಿಟ್ಟುಕೊಳ್ಳಿ. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಚಾಲ್ತಿಯಲ್ಲಿ ಇರಲಿ. ಬೇರೆಯವರು ರಾಜ್ಯದ ಎಸ್‌ಎಸ್‌ಪಿ, ಕೇಂದ್ರದ ಎನ್‌ಎಸ್‌ಪಿ ಎರಡೂ ಪೋರ್ಟಲ್‌ಗಳಲ್ಲಿ ತಮ್ಮ ವರ್ಗಕ್ಕೆ ಏನಿದೆ ನೋಡಿ. ದುಡ್ಡು ಬರೋದು ತಡವಾಗುತ್ತದೆ, ಮೊದಲ ಕೆಲವು ತಿಂಗಳ ಮೆಸ್ ಖರ್ಚಿಗೆ ಮನೆಯಿಂದ ಏರ್ಪಾಡು ಇರಲಿ. ಮುಂದೆ ಪಿಎಚ್.ಡಿ. ಆಸೆ ಇದ್ದರೆ ಎಂ.ಎ. ಓದುತ್ತಲೇ ಯುಜಿಸಿಯ ನೆಟ್ ಪರೀಕ್ಷೆಗೆ ತಯಾರಾಗಿ. ಅದರಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಮನೆಯವರು "ಇನ್ನೂ ಎಷ್ಟು ಓದ್ತೀಯಾ" ಅನ್ನೋದು ಆಗ ಕಡಿಮೆಯಾಗುತ್ತದೆ.

ಪ್ರಶ್ನೆ (ಕೊಪ್ಪಳದ ವಿದ್ಯಾರ್ಥಿನಿ, ಮತ್ತೆ): ಮೊದಲ ಪಟ್ಟಿಯಲ್ಲಿ ಹೆಸರು ಬರದಿದ್ದರೆ? ಇಲ್ಲಿ ಊರಿನ ಹತ್ತಿರ ಸೀಟು ಬಿಟ್ಟು ಕಾಯೋದಾ?

ಉತ್ತರ: ಬಿಡಬೇಡ. ಮೊದಲ ಪಟ್ಟಿಯಲ್ಲಿ ಬಂದವರೆಲ್ಲ ಸೇರೋದಿಲ್ಲ, ಎಷ್ಟೋ ಜನ ದೆಹಲಿ ಕಡೆ ಹೋಗುತ್ತಾರೆ. ಆಗ ವೇಟಿಂಗ್ ಲಿಸ್ಟ್ ಮುಂದೆ ಸರಿಯುತ್ತದೆ. ಅಲ್ಲಿಯವರೆಗೆ ಹತ್ತಿರದ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕಿರು. ಅಲ್ಲಿ ಸೇರೋದಾದರೆ, ಮೂಲ ಟಿ.ಸಿ. ಒಪ್ಪಿಸುವ ಮೊದಲು ಬೇಕಾದಾಗ ಎಷ್ಟು ದಿನಕ್ಕೆ ವಾಪಸ್ ಸಿಗುತ್ತೆ ಅಂತ ಕೇಳು. ಎಲ್ಲ ದಾಖಲೆಗಳನ್ನೂ ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿ ಮೇಲ್‌ನಲ್ಲಿ ಇಟ್ಟುಕೋ. ಮೈಗ್ರೇಷನ್ ಸರ್ಟಿಫಿಕೇಟಿಗೂ ಈಗಲೇ ಹೇಗೆ ಅರ್ಜಿ ಹಾಕೋದು ಅಂತ ಕಾಲೇಜು ಆಫೀಸಿನಲ್ಲಿ ವಿಚಾರಿಸು. ಕೊನೆಯ ಸೆಮಿಸ್ಟರ್ ಫಲಿತಾಂಶ ಬರದೇ ಇದ್ದರೆ, ಅಂಕಪಟ್ಟಿ ಕೊಡೋಕೆ ಕಡೆಯ ದಿನ ಯಾವುದು ಅಂತ ಪ್ರಾಸ್ಪೆಕ್ಟಸ್‌ನಲ್ಲಿ ಬರೆದಿರುತ್ತದೆ, ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡು. ಅರ್ಜಿ ತುಂಬುವ ದಿನ ಏನಾದರೂ ಗೊಂದಲ ಆದರೆ ಸ್ಕ್ರೀನ್‌ಶಾಟ್ ತೆಗೆದು ಇಲ್ಲೇ ಹಾಕು, ಆಧಾರ್ ನಂಬರ್ ಮಾತ್ರ ಮುಚ್ಚಿ. ಸಂಜೆ ಕ್ಲಾಸ್ ಮುಗಿಸಿ ಬಂದ ಮೇಲೆ ನೋಡಿ ಹೇಳುತ್ತೇನೆ.