ಡಿಡಕ್ಟಿಬಲ್‌ಗೆ ‘ಕಡಿತ’ ಆದೀತೇ? (ನಾಳೆ ಅಚ್ಚಿಗೆ)

ಅಮೆರಿಕದಲ್ಲಿರುವ ಕನ್ನಡದ ಹಿರಿಯರಿಗಾಗಿ ಮೆಡಿಕೇರ್ ಅಡ್ವಾಂಟೇಜ್ (ಅಲ್ಲಿನ ಹಿರಿಯರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಅನ್ನು ಖಾಸಗಿ ಕಂಪನಿಗಳ ಮೂಲಕ ಕೊಡುವ ಯೋಜನೆ) ಕುರಿತ ಕರಪತ್ರ. ಯೋಜನೆ ಬದಲಿಸುವ ಅವಧಿ ಅಕ್ಟೋಬರ್ 15ಕ್ಕೆ ಶುರು, ಡಿಸೆಂಬರ್ 7ಕ್ಕೆ ಮುಗಿತಾಯ. ಡಿಡಕ್ಟಿಬಲ್‌ಗೆ (ವಿಮೆಯವರು ಕೊಡತೊಡಗುವ ಮುನ್ನ ನಾವು ಕಟ್ಟುವ ಮೊತ್ತ) ‘ಕಡಿತ’, ಕೋಪೇಗೆ (ಭೇಟಿಗಿಷ್ಟೆಂದು ಕಟ್ಟುವ ಮೊತ್ತ) ‘ಸಹಪಾವತಿ’, ಕೋಇನ್ಶೂರೆನ್ಸ್‌ಗೆ (ಬಿಲ್ಲಿನಲ್ಲಿ ನಮ್ಮ ಶೇಕಡಾವಾರು ಪಾಲು) ‘ಸಹವಿಮೆ’, ಔಟ್ ಆಫ್ ಪಾಕೆಟ್ ಮಿತಿಗೆ (ಇವೆಲ್ಲ ಸೇರಿ ವರ್ಷಕ್ಕೆ ನಾವು ಕಟ್ಟಬೇಕಾದ ಗರಿಷ್ಠ ಮೊತ್ತ) ‘ಕೈಖರ್ಚಿನ ಮಿತಿ’ ಎಂದು ಹಾಕಿದ್ದೇನೆ. ಸರಿಯೇ?
— ವಿ.

ನಾಲ್ಕರಲ್ಲಿ ಮೂರು ತಪ್ಪು. ಬೆಲೆ ಕಡಿತ, ತೆರಿಗೆ ಕಡಿತ ಕೇಳಿ ಪಳಗಿದವರು ‘ಕಡಿತ’ವನ್ನು ರಿಯಾಯಿತಿ ಎಂದೇ ಓದುತ್ತಾರೆ. ಇಲ್ಲಿ ಕಡಿತವಾಗುವುದು ವಿಮೆಯವರ ಹೊಣೆ, ನಮ್ಮ ಬಿಲ್ಲಲ್ಲ. ‘ಸಹವಿಮೆ’ ಅಂದರೆ ಗಂಡಹೆಂಡಿರಿಬ್ಬರಿಗೂ ಸೇರಿ ಒಂದು ಪಾಲಿಸಿ ಎಂದಾಗುತ್ತದೆ; ಮೆಡಿಕೇರ್‌ನಲ್ಲಿ ಅಂಥದ್ದಿಲ್ಲ, ತಲೆಗೊಂದು. ‘ಕೈಖರ್ಚು’ ಮಕ್ಕಳಿಗೆ ಕೊಡುವ ಪುಡಿಗಾಸು.

ಮೊದಲ ಮೂರಕ್ಕೆ ಕ್ರಮವಾಗಿ ‘ವರ್ಷದ ಮೊದಲ ಪಾಲು’, ‘ನಿಗದಿ ಪಾಲು’, ‘ಶೇಕಡಾ ಪಾಲು’ ಎಂದು ಬರೆದು ಲೆಕ್ಕ ತೋರಿಸಿ. ಮೂಲ ಮೆಡಿಕೇರ್‌ನ ಬಿ ಭಾಗಕ್ಕೆ (ಸರ್ಕಾರವೇ ನೇರವಾಗಿ ನಡೆಸುವ ವಿಮೆಯಲ್ಲಿ ಡಾಕ್ಟರ ಭೇಟಿ ಮುಂತಾದವುಗಳ ಭಾಗ) 2025ರ ಮೊದಲ ಪಾಲು 257 ಡಾಲರ್ ಇತ್ತು. ಆ ವರ್ಷದ ಮೊದಲ ಬಿಲ್ಲಿನಲ್ಲಿ ಮೆಡಿಕೇರ್ ಒಪ್ಪಿದ ಮೊತ್ತ 757 ಎನ್ನಿ: 257 ನಮ್ಮದು, ಉಳಿದ 500ರಲ್ಲಿ ಶೇ. 20, ಅಂದರೆ 100 ಕೂಡ ನಮ್ಮದು. ಅಡ್ವಾಂಟೇಜ್‌ನಲ್ಲಿ ಡಾಕ್ಟರ ಭೇಟಿಗೆ ಸಾಮಾನ್ಯವಾಗಿ ನಿಗದಿ ಪಾಲು.
— ಎಸ್.ಎನ್.

‘ಪಾಲು’ ಅಚ್ಚಗನ್ನಡ, ಒಪ್ಪಿದೆ. ‘ನಿಗದಿ’, ‘ಶೇಕಡಾ’ ಯಾಕೆ? ಗೊತ್ತುಪಾಲು, ನೂರರ ಪಾಲು ಸಾಲದೇ? ‘ವಿಮೆ’ಯನ್ನೂ ಬಿಡಬೇಕು. ಸಂಸ್ಕೃತದ ವೇಷ ತೊಟ್ಟಿದ್ದರೂ ಅದರ ಬೇರು ಪಾರಸಿಯ ‘ಬೀಮ್’, ಅಂದರೆ ಅಂಜಿಕೆ. ಅಡ್ವಾಂಟೇಜ್‌ಗೆ ‘ಮೇಲೊದವು’ ಎನ್ನಬಹುದು.
— ಕೆ.

ಜಿಲ್ಲೆ, ತಾಲೂಕು, ಅರ್ಜಿ, ವಸೂಲಿ ಎಲ್ಲ ಅರಗಿದ ಹೊಟ್ಟೆಗೆ ವಿಮೆಯೊಂದು ಅಜೀರ್ಣವೇ ಸ್ವಾಮಿ? ಅಡ್ವಾಂಟೇಜ್ ಎಂಬುದು ಹೆಸರು. ಸೇರಿದ ಮೇಲೆ ಆಸ್ಪತ್ರೆಯಲ್ಲಿ ತೋರಿಸಬೇಕಾದ್ದು ಆ ಯೋಜನೆಯ ಕಾರ್ಡು, ಕೆಂಪು-ಬಿಳಿ-ನೀಲಿಯ ಹಳೆಯ ಮೆಡಿಕೇರ್ ಕಾರ್ಡಲ್ಲ. ‘ಮೇಲೊದವು’ ಎಂದು ಕೌಂಟರಿನಲ್ಲಿ ಕೇಳಿದರೆ ಯಾರಿಗೆ ತಿಳಿದೀತು?
— ಆರ್.

ಹಾಗಾದರೆ ಕೈಖರ್ಚಿನ ಬದಲು ‘ಸ್ವಂತ ವೆಚ್ಚದ ಮಿತಿ’?
— ವಿ.

ಬೇಡ. ಪ್ರೀಮಿಯಂ ಕೂಡ ಸ್ವಂತ ವೆಚ್ಚವೇ, ಆದರೆ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಬಿ ಭಾಗದ ಪ್ರೀಮಿಯಂ ಅಡ್ವಾಂಟೇಜ್‌ಗೆ ಸೇರಿದ ಮೇಲೂ ನಿಲ್ಲದು. ಡಿ ಭಾಗದ ಔಷಧದ ಖರ್ಚೂ ಲೆಕ್ಕದ ಹೊರಗೆ. ‘ವರ್ಷದ ಪಾಲಿನ ಮಿತಿ’ ಎನ್ನಿ. ನೆಟ್‌ವರ್ಕಿನೊಳಗಿನ (ಯೋಜನೆಯೊಂದಿಗೆ ಒಪ್ಪಂದವಿರುವ ಡಾಕ್ಟರು, ಆಸ್ಪತ್ರೆಗಳ) ಚಿಕಿತ್ಸೆಗೆ 2025ರಲ್ಲಿ ಯಾವ ಅಡ್ವಾಂಟೇಜ್ ಯೋಜನೆಯೂ ಅದನ್ನು 9,350 ಡಾಲರ್ ಮೀರಿಸುವಂತಿರಲಿಲ್ಲ. ಮೂಲ ಮೆಡಿಕೇರ್‌ಗೆ ಮಿತಿಯೇ ಇಲ್ಲ, ಅದನ್ನೂ ಬರೆಯಿರಿ.
— ಎಸ್.ಎನ್.

ನೆಟ್‌ವರ್ಕ್‌ಗೆ ‘ಬಲೆ’ ಇದೆಯಲ್ಲ.
— ಕೆ.

‘ಬಲೆಯೊಳಗಿನ ಡಾಕ್ಟರು’ ಎಂದು ಓದಿದ ಮುದುಕರು ಡಾಕ್ಟರಿಂದಲೇ ಓಡುತ್ತಾರೆ. ನೆಟ್‌ವರ್ಕ್ ಇರಲಿ.
— ಆರ್.