ಪದಚರ್ಚೆ: ಪೆಟ್ಟು ತಿಂದವರು ‘ನೌಕರ’ರೋ ‘ಸ್ವತಂತ್ರ ಗುತ್ತಿಗೆದಾರ’ರೋ?

ಗೆಳೆಯರೇ,

ಕೆಲಸ ಮಾಡುವಾಗ ಪೆಟ್ಟಾದರೆ ಪರಿಹಾರ ಕೇಳುವುದು ಹೇಗೆ ಎಂದು ತಿಳಿಸುವ ಸಣ್ಣ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ‘ಇಂಡಿಪೆಂಡೆಂಟ್ ಕಾಂಟ್ರ್ಯಾಕ್ಟರ್’, ಅಂದರೆ ಯಾರ ಕೈಕೆಳಗೂ ಇಲ್ಲದೆ ತಾನೇ ಹೊಣೆ ಹೊತ್ತು ಕೆಲಸ ಮಾಡಿಕೊಡುವವನು, ಎಂಬಲ್ಲಿ ಕೈ ನಿಂತಿದೆ. ‘ಸ್ವತಂತ್ರ ಗುತ್ತಿಗೆದಾರ’ ಎಂದು ಬರೆದುಬಿಡಬಹುದು, ಪತ್ರಿಕೆಗಳಲ್ಲೂ ಹಾಗೇ ಬರುತ್ತದೆ. ಆದರೆ ಈ ಪದ ಓದುವವರ ದಾರಿ ತಪ್ಪಿಸುತ್ತದೆ ಅಂತ ನನಗನ್ನಿಸುತ್ತದೆ.

ತೊಡಕು ‘ಗುತ್ತಿಗೆ’ಯಲ್ಲೇ ಇದೆ. ರಸ್ತೆಯ ಟೆಂಡರ್ ಹಿಡಿದವನು ಗುತ್ತಿಗೆದಾರ. ಅವನ ಕೈಕೆಳಗೆ ಜಲ್ಲಿ ಹೊರುವವಳು ಗುತ್ತಿಗೆ ಕಾರ್ಮಿಕಳು. ವರ್ಷಕ್ಕೊಮ್ಮೆ ನವೀಕರಣಕ್ಕೆ ಕಾಯುವ ಆಸ್ಪತ್ರೆಯ ನರ್ಸ್ ಗುತ್ತಿಗೆ ನೌಕರಳು. ಅಡಿಕೆ ಫಸಲನ್ನು ಮರದ ಮೇಲೇ ದರ ಮಾತಾಡಿ ಹಿಡಿದವನದೂ ಗುತ್ತಿಗೆಯೇ. ಶಿವಮೊಗ್ಗ ಕಡೆ ಅದಕ್ಕೆ ಚೇಣಿ ಅನ್ನುತ್ತಾರೆ. ಹೊಣೆ ಹೊತ್ತವನಿಗೂ ಅವನ ಕೈಕೆಳಗೆ ದುಡಿಯುವವರಿಗೂ ಒಂದೇ ಮಾತು!

ಅಡಿಕೆ ತೋಟದಲ್ಲೇ ನೋಡಿ. ಕೊನೆ (ಅಡಿಕೆಯ ಗೊನೆ) ಕೊಯ್ಯುವವನು ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಮರ ಹತ್ತುತ್ತಾನೆ. ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಜಾರಿಬಿಡುತ್ತಾನೆ, ಕೆಳಗೆ ಒಬ್ಬ ಹಿಡಿದುಕೊಳ್ಳುತ್ತಾನೆ. ಹತ್ತಿದವನು ಮೇಲಿಂದಲೇ ಪಕ್ಕದ ಮರಕ್ಕೆ ದಾಟುತ್ತಾನೆ. ಕತ್ತಿ, ಹಗ್ಗ ಅವನವೇ. ಕೂಲಿ ಒಂದು ಕೊನೆಗೆ ಇಷ್ಟು ಅಂತ. ಈತ ಬಿದ್ದು ಸೊಂಟ ಮುರಿದುಕೊಂಡರೆ ಯಾರ ಹೊಣೆ? ‘ಅವನಿಗೆ ಗುತ್ತಿಗೆ ಕೊಟ್ಟಿದ್ವಿ’ ಅನ್ನುತ್ತಾರೆ ತೋಟದವರು. ‘ಹೌದು, ಗುತ್ತಿಗೆಗೇ ಮಾಡ್ತಿದ್ದೆ’ ಅನ್ನುತ್ತಾನೆ ಅವನೂ. ಅವನು ಹೇಳಿದ್ದು ಕೂಲಿ ಲೆಕ್ಕ ಹಾಕುವ ರೀತಿಯನ್ನು. ಕೈಪಿಡಿಯಲ್ಲಿ ‘ಸ್ವತಂತ್ರ ಗುತ್ತಿಗೆದಾರರಿಗೆ ಪರಿಹಾರ ಇಲ್ಲ’ ಎಂದು ಓದಿದರೆ ಅವನು ಅರ್ಜಿಯನ್ನೇ ಹಾಕುವುದಿಲ್ಲ.

ಆದರೆ ಕೂಲಿ ಹೇಗೆ ಲೆಕ್ಕ ಹಾಕಿದರು ಅನ್ನುವುದರ ಮೇಲಷ್ಟೇ ಕಾನೂನು ತೀರ್ಮಾನ ಮಾಡುವುದಿಲ್ಲ. ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಮೊಕದ್ದಮೆಯಲ್ಲಿ ಗುಜರಾತಿನ ಉಪ್ಪಿನ ಗದ್ದೆಗಳ ಅಗರಿಯಾ ಜನಕ್ಕೆ ಮಣದ ಲೆಕ್ಕದಲ್ಲಿ ದುಡ್ಡು ಸಿಗುತ್ತಿತ್ತು. ಮನೆಮಂದಿಯನ್ನು ಸೇರಿಸಿಕೊಳ್ಳುತ್ತಿದ್ದರು, ತಾವೇ ಕೂಲಿಯವರನ್ನೂ ಇಟ್ಟುಕೊಳ್ಳಬಹುದಿತ್ತು. ಆದರೂ ಅವರು ಕಾರ್ಮಿಕರೇ ಎಂದು 1956ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಏನು ಮಾಡಬೇಕು ಅನ್ನುವುದರ ಜೊತೆಗೆ ಹೇಗೆ ಮಾಡಬೇಕು ಅನ್ನುವುದನ್ನೂ ಹೇಳುವ ಹಕ್ಕು ಕಂಪನಿಗಿತ್ತು. 1973ರಲ್ಲಿ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಮೊಕದ್ದಮೆಯಲ್ಲೂ ಹೀಗೇ ಆಯಿತು. ದರ್ಜಿಗಳಿಗೆ ಸಿಗುತ್ತಿದ್ದುದು ಬಟ್ಟೆಯ ಲೆಕ್ಕದಲ್ಲಿ ಕೂಲಿ. ಆದರೆ ಹೊಲಿಗೆ ಸರಿಯಿಲ್ಲ ಎಂದು ವಾಪಸ್ ಕೊಡುವ ಅಧಿಕಾರ ಅಂಗಡಿಯದು, ಮಿಷನ್ನುಗಳೂ ಅಂಗಡಿಯವೇ. ಹಾಗಾಗಿ ಅವರೂ ನೌಕರರೇ ಎಂದಾಯಿತು.

ಇನ್ನು ‘ನೌಕರ’. ಇದಕ್ಕೆ ತಿಂಗಳ ಸಂಬಳದ ವಾಸನೆ ಜಾಸ್ತಿ. 1923ರ ಕಾರ್ಮಿಕರ ಪರಿಹಾರ ಕಾಯ್ದೆ ‘ವರ್ಕ್‌ಮನ್’ ಅನ್ನುತ್ತಿತ್ತು. 2009ರ ತಿದ್ದುಪಡಿಯಲ್ಲಿ ಅದು ‘ಎಂಪ್ಲಾಯಿ’ ಆಯಿತು. ಈಗ ಆ ವಿಷಯವೆಲ್ಲ ಸಾಮಾಜಿಕ ಭದ್ರತಾ ಸಂಹಿತೆಯ ಏಳನೇ ಅಧ್ಯಾಯಕ್ಕೆ ಬಂದಿದೆ. ಇಂಗ್ಲಿಷಿನಲ್ಲಿ ‘ಎಂಪ್ಲಾಯಿ’ ಒಳ್ಳೆಯ ಬದಲಾವಣೆ, ಗಂಡು–ಹೆಣ್ಣು ಇಬ್ಬರೂ ಸೇರಿದರು. ಕನ್ನಡದಲ್ಲಿ ‘ಕಾರ್ಮಿಕ’ ಹೋಗಿ ‘ನೌಕರ’ ಬಂದರೆ ಮಾತ್ರ ಗಾರೆ ಕೆಲಸದವರಿಗೆ ಇದು ತಮ್ಮ ಕಾನೂನು ಅಂತಲೇ ಅನ್ನಿಸುವುದಿಲ್ಲ.

ನನಗೆ ಒಂದು ದಾರಿ ಕಾಣುತ್ತದೆ. ‘ಅವರ ಹತ್ರ ಕೆಲಸಕ್ಕಿದ್ದೇನೆ’ ಅನ್ನುವುದೇ ಬೇರೆ, ‘ಅವರಿಗೊಂದು ಕೆಲಸ ಮಾಡಿಕೊಟ್ಟೆ’ ಅನ್ನುವುದೇ ಬೇರೆ, ಅಲ್ವಾ? ಮೊದಲನೆಯದರಲ್ಲಿ ಇನ್ನೊಬ್ಬರ ಮಾತಿನಂತೆ ನಡೆಯುವ ಅರ್ಥ ಇದೆ. ಎರಡನೆಯದರಲ್ಲಿ ಕೆಲಸ ಮುಗಿಸಿ ಒಪ್ಪಿಸುವುದಷ್ಟೇ ಇದೆ. ಆದ್ದರಿಂದ ‘ಕೆಲಸಕ್ಕಿರುವವರು’ ಮತ್ತು ‘ಸ್ವಂತ ಹೊಣೆಯಲ್ಲಿ ಕೆಲಸ ಮಾಡಿಕೊಡುವವರು’ ಎಂದು ಬರೆದರೆ ಹೇಗೆ? ಉದ್ದ ಆಯಿತು, ಒಪ್ಪುತ್ತೇನೆ. ಆದರೆ ಓದಿದವರು ತಮ್ಮನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂದು ತಿಳಿಯುತ್ತದೆ. ಕೊನೆ ಕೊಯ್ಯುವವನು ತಾನೇ ಗುಂಪು ಕಟ್ಟಿಕೊಂಡು, ಯಾವ ತೋಟಕ್ಕೆ ಯಾವತ್ತು ಎಂದು ತಾನೇ ಗೊತ್ತು ಮಾಡುತ್ತಿದ್ದರೆ ಬಹುಶಃ ಎರಡನೆಯ ಸಾಲಿಗೆ ಸೇರುತ್ತಾನೆ. ಅವನ ಗುಂಪಿನಲ್ಲಿ ಹಗ್ಗ ಹಿಡಿಯುವ ಹುಡುಗ ಮಾತ್ರ ಕೆಲಸಕ್ಕಿರುವವನೇ.

ಆ್ಯಪ್ ಕಂಪನಿಗಳ ಮಾತು ಇನ್ನೂ ಗೋಜಲು. ಊಟ ತಲುಪಿಸಲು ಹೋಗಿ ಬೈಕಿನಿಂದ ಬಿದ್ದವರನ್ನು ಕಂಪನಿ ‘ಪಾರ್ಟ್ನರ್’ ಅನ್ನುತ್ತದೆ. ಸಂಹಿತೆ ಅವರನ್ನು ಸಾಂಪ್ರದಾಯಿಕ ಮಾಲೀಕ–ನೌಕರ ಸಂಬಂಧದ ಆಚೆಯವರು ಎಂದು ಇಟ್ಟಿದೆ. ಕರ್ನಾಟಕದ 2025ರ ಕಾಯ್ದೆ ಅವರಿಗಾಗಿ ಮಂಡಳಿ, ಕಲ್ಯಾಣ ಶುಲ್ಕ ಎಲ್ಲ ತಂದಿದೆ, ಆದರೆ ‘ನೌಕರ’ ಎನ್ನುವುದಿಲ್ಲ. ಅವರಿಗೆ ‘ಗಿಗ್ ಕಾರ್ಮಿಕ’ ಎಂದೇ ಉಳಿಸುವೆ. ‘ಪಾಲುದಾರ’ ಎಂದು ನಾನಂತೂ ಬರೆಯಲಾರೆ. ಲಾಭದಲ್ಲಿ ಪಾಲೇ ಇಲ್ಲದವರನ್ನು ಹಾಗೆ ಕರೆಯುವುದು ಅನ್ಯಾಯ.

ನಿಮ್ಮಲ್ಲಿ ಕೇಳುವುದು ಇಷ್ಟು. ಮಾಡಿದಷ್ಟಕ್ಕೆ ಕೂಲಿ ಎನ್ನುವುದಕ್ಕೆ ನಿಮ್ಮ ಕಡೆ ‘ಗುತ್ತಿಗೆ’ ಬಿಟ್ಟು ಬೇರೆ ಮಾತಿದೆಯೇ? ಬೀಡಿ ಕಟ್ಟುವವರು, ಮಗ್ಗದವರು, ಕಬ್ಬು ಕಡಿಯುವವರು ಏನನ್ನುತ್ತಾರೆ? ಊರಿನ ಹೆಸರನ್ನೂ ಸೇರಿಸಿ ಬರೆಯಿರಿ. ‘ಕೆಲಸಕ್ಕಿರುವವರು’ ಎನ್ನುವುದು ಯಾವ ಸೀಮೆಯಲ್ಲಾದರೂ ಕೀಳಾಗಿ ಕೇಳಿಸುತ್ತದೆಯೇ ಅನ್ನುವುದನ್ನೂ ಹೇಳಿ. ಹಾಗಿದ್ದರೆ ಅದನ್ನು ಕೈಬಿಡುತ್ತೇನೆ.