20 ತಿಂಗಳ ಮಗಳ ಜೊತೆ ಸಂಜೆ ಅರ್ಧ ಗಂಟೆ: ಏನು ಆಡೋದು, ಹೇಗೆ ಮಾತಾಡಿಸೋದು?

ಪುಟ್ಟಿಯಪ್ಪ:
ನಮಸ್ಕಾರ. ಮಗಳಿಗೆ 20 ತಿಂಗಳು. ನಾನು ಮನೆ ಸೇರೋದು ಏಳು ಗಂಟೆಗೆ, ಅವಳು ಮಲಗೋದು ಎಂಟೂವರೆಗೆ. ಊಟ ಕಳೆದರೆ ಅರ್ಧ ಗಂಟೆ ಸಿಗತ್ತೆ. ಚಿತ್ರದ ಪುಸ್ತಕ ಹಿಡಿದು "ಇದೇನು? ಇದೇನು?" ಅಂತ ಕೇಳಿದರೆ ಎದ್ದು ಹೋಗ್ತಾಳೆ. ಹೇಳೋದು ಅಮ್ಮ, ಅಜ್ಜಿ, ಬಾ, ಬೇಡ, ಟಾಟಾ, ಬೌಬೌ, ನೀರಿಗೆ "ನೀಯಿ", ಇನ್ನೂ ಎಂಟತ್ತು ಪದ. ನಾವು ಹೇಳಿದ್ದು ಅರ್ಥ ಆಗತ್ತೆ, ಬೇಕಾದ್ದನ್ನ ಬೆರಳು ತೋರಿಸಿ ಕೇಳ್ತಾಳೆ. ಹಗಲೆಲ್ಲ ನೋಡ್ಕೊಳ್ಳೋದು ನಮ್ಮತ್ತೆ, ಅವರು ಮಾತಾಡೋದು ತುಳು. ನಾವಿಬ್ಬರೂ ಕನ್ನಡ. ಹೊಸ ಆಟಿಕೆ ಕೊಳ್ಳದೆ ಮನೇಲಿರೋ ಸಾಮಾನಲ್ಲೇ ಆಡಿಸೋ ಆಟಗಳನ್ನ ತಿಳಿಸಿ. ಎರಡು ಭಾಷೆಯಿಂದ ಗೊಂದಲ ಆಗತ್ತಾ?

ಮಾತು_ಮುತ್ತು (ವಾಕ್ ಚಿಕಿತ್ಸೆ, ಮೈಸೂರು):
ಮೊದಲು "ಇದೇನು?" ಅನ್ನೋದನ್ನ ನಿಲ್ಲಿಸಿ ಸರ್. ಉತ್ತರ ಹೇಳಿದರೆ ಮಗುವಿಗೆ ಸಿಗೋದೇನು? "ಬೆಕ್ಕು" ಅಂದರೆ ನೀವು ಮುಂದಿನ ಚಿತ್ರಕ್ಕೆ ಹೋಗ್ತೀರಿ, ಅಷ್ಟೇ. "ಬಾ" ಅಂದರೆ ಒಬ್ಬರು ಎದ್ದು ಬರ್ತಾರೆ, "ಬೇಡ" ಅಂದರೆ ತಟ್ಟೆ ದೂರ ಹೋಗತ್ತೆ. ಹೀಗೆ ಕೆಲಸ ಮಾಡೋ ಪದಗಳೇ ಮಕ್ಕಳ ಬಾಯಿಗೆ ಮೊದಲು ಹತ್ತೋದು. ಒಂದು ಪ್ರಶ್ನೆ ಕೇಳೋ ಮುಂಚೆ ಮೂರು ನಾಲ್ಕು ಮಾತು ನೀವೇ ಆಡಿ.

ನೆಲದ ಮೇಲೆ ಅವಳ ಎದುರಿಗೆ ಕೂತ್ಕೊಳ್ಳಿ. ನಿಮ್ಮ ಮುಖ ಅವಳ ಕಣ್ಣಿನ ಮಟ್ಟಕ್ಕೆ ಬರಬೇಕು. ತೊಡೆ ಮೇಲೆ ಕೂರಿಸ್ಕೊಂಡರೆ ನಿಮ್ಮ ತುಟಿ ಅವಳಿಗೆ ಕಾಣಲ್ಲ. ಅವಳು ಏನು ಕೈಗೆತ್ತಿಕೊಳ್ತಾಳೋ ಅದರ ಬಗ್ಗೆಯೇ ಮಾತಾಡಿ, ನೀವು ಆರಿಸಿದ ಆಟಕ್ಕೆ ಎಳೀಬೇಡಿ. ಎರಡು ಮೂರು ಪದದ ಮಾತು ಸಾಕು. ದನಿ ಸ್ವಲ್ಪ ಏರಿಸಿ, ಸ್ವರ ಎಳೆದು: "ಚೆಂಡು ಬಿಈಈತ್ತು!" ಬಿತ್ತು, ಹೋಯ್ತು, ಆಯ್ತು, ತಗೋ, ಕೊಡು, ಇವನ್ನೆಲ್ಲ ಧಾರಾಳವಾಗಿ ಬಳಸಿ. ಬರೀ ಹಣ್ಣು, ಪ್ರಾಣಿಗಳ ಹೆಸರು ಕಲಿತ ಮಗುವಿಗೆ ಎರಡು ಪದ ಜೋಡಿಸೋಕೆ ಕ್ರಿಯಾಪದವೇ ಇರಲ್ಲ.

ಆಮೇಲೆ ಕಾಯಬೇಕು. ನೀವು ಏನಾದರೂ ಹೇಳಿದ ಮೇಲೆ ಮನಸ್ಸಲ್ಲೇ ಒಂದರಿಂದ ಐದೋ ಹತ್ತೋ ತನಕ ಎಣಿಸಿ, ಸುಮ್ಮನೆ ಅವಳ ಮುಖ ನೋಡಿ. ಎಲ್ಲರೂ ಸೋಲೋದು ಇಲ್ಲೇ. ಎರಡೇ ಸೆಕೆಂಡಿಗೆ ದೊಡ್ಡವರ ಬಾಯಿ ತೆರೆಯತ್ತೆ, ಮಗುವಿನ ಸರದಿ ತಪ್ಪಿಹೋಗತ್ತೆ. ಈ ವಯಸ್ಸಲ್ಲಿ ಕೇಳಿದ್ದನ್ನ ಅರ್ಥ ಮಾಡ್ಕೊಂಡು ಬಾಯಿ ಹೊಂದಿಸೋಕೆ ಅಷ್ಟು ಹೊತ್ತು ಬೇಕೇ ಬೇಕು. ಪದವೇ ಬರಲಿ ಅಂತ ಹಟ ಬೇಡ. ಅವಳು ನಿಮ್ಮ ಕಡೆ ನೋಡಿದರೂ, ಕೈ ಚಾಚಿದರೂ, "ಆಂ" ಅಂದರೂ ಅದು ಉತ್ತರವೇ. ತಕ್ಷಣ ಆಟ ಮುಂದುವರಿಸಿ.

"ನೀಯಿ" ಅಂದರೆ "ನೀಯಿ ಅಲ್ಲ, ನೀರು ಅನ್ನು" ಅನ್ನಬೇಡಿ. "ನೀರು ಬೇಕಾ? ತಗೋ, ನೀರು" ಅಂದರೆ ಸರಿಯಾದ ರೂಪ ಎರಡು ಸಲ ಕಿವಿಗೆ ಬಿತ್ತು, ನೀರೂ ಸಿಕ್ಕಿತು. ರಕಾರ ತಡವಾಗಿ ಬರೋ ಧ್ವನಿ, ಮೂರು ವರ್ಷ ದಾಟಿದ ಮೇಲೂ ಕೆಲವರಿಗೆ ತಿಳಿಯಾಗಿ ಬರಲ್ಲ. ಅವಳು ಒಂದು ಪದ ಅಂದರೆ ನೀವು ಎರಡಾಗಿಸಿ. "ಬೌಬೌ" ಅಂದರೆ "ಬೌಬೌ ಓಡ್ತು."

ಅಂಗನವಾಡಿ_ಅಕ್ಕ (ಧಾರವಾಡ):
ನೋಡ್ರಿ ಅಣ್ಣಾರ, ಮೇಡಂ ಹೇಳಿದ್ದು ಖರೇ ಐತಿ. ಅದನ್ನ ಹಚ್ಚಲಿಕ್ಕೆ ಆಟ ಹೇಳ್ತೀನಿ.

ಚಾದರ ಬಸ್ಸು. ಚಾದರ ನಾಲ್ಕು ಮಡಿಕಿ ಮಾಡಿ ನುಣುಪು ನೆಲದ ಮ್ಯಾಲೆ ಹಾಸ್ರಿ. ಕೂಸಿನ್ನ ನಿಮ್ಮ ಕಡೆ ಮಾರಿ ಮಾಡಿ ಕೂಡಿಸಿ, ಬೆನ್ನ ಹಿಂದ ದಿಂಬು ಇಡ್ರಿ. "ರೈಟ್!" ಅಂದು ಸಾವಕಾಶ ಎಳೀರಿ. ಜಗ್ಗಿ ಎಳದ್ರ ಹಿಂದಕ್ಕ ಬೀಳ್ತಾಳ. ನಾಲ್ಕು ಹೆಜ್ಜಿ ಆದಮ್ಯಾಲೆ "ಹೋಲ್ಡಾನ್!" ಅಂದು ನಿಲ್ಲಿಸ್ರಿ. ಮೊದಲ ನಾಕೈದು ಸಲ ಎರಡೂ ಮಾತು ನೀವೇ ಅನ್ರಿ, ಪ್ರತಿ ಸಲ ಅವೇ ಮಾತು, ಅದೇ ದನಿ. ಆಮ್ಯಾಲೆ ಒಮ್ಮೆ ಬಸ್ ನಿಲ್ಲಿಸಿ, ಚಾದರ ಕೈಯಾಗ ಹಿಡಕೊಂಡು ಸುಮ್ಮ ಕೂಡ್ರಿ. ಕೂಸು ಮೈ ಅಲ್ಲಾಡಿಸ್ತದ, "ಐಟ್" ಅಂತದ, ಏನರೆ ಮಾಡ್ತದ. ಮಾಡಿದ ಕೂಡಲೇ ಬಸ್ ಬಿಡ್ರಿ! ದಿನಾ ಮಾತು ಬದಲಿ ಮಾಡಿದ್ರ ಮುಂದ ಏನು ಬರ್ತೈತಿ ಅಂತ ಕೂಸಿಗೆ ತಿಳಿಯೂದಿಲ್ಲ, ಸುಮ್ಮ ಕುಂತರೂ ಬಾಯಿ ಬಿಡೂದಿಲ್ಲ.

ಡಬ್ಬಿ ಆಟ. ಮೂರು ಸ್ಟೀಲ್ ಡಬ್ಬಿ ತಗೊಂಡು ಒಂದರಾಗ ಆಲೂಗಡ್ಡಿ ಇಟ್ಟು ಮುಚ್ಚಳ ಹಾಕ್ರಿ. ಅಲ್ಲಾಡಿಸಿ "ಗಡಗಡ! ಏನೈತಿ?" ಅನ್ರಿ. ಬರೇ ಡಬ್ಬಿ ಬಂದ್ರ "ಇಲ್ಲ!" ಅಂತ ಕೈ ತಿರುವಿ ತೋರಸ್ರಿ. ಮುಚ್ಚಳ ಸ್ವಲ್ಪ ಬಿಗಿ ಇರಲಿ, ಆಗ ಡಬ್ಬಿ ನಿಮ್ಮ ಕೈಗೆ ತಂದು ಕೊಡ್ತಾಳ. "ತಗಿ" ಅನ್ನೂ ಮಾತು ಅಲ್ಲಿ ಹುಟ್ಟತೈತಿ. ಶೇಂಗಾ, ಕಡ್ಲಿ, ಗೋಲಿ, ನಾಣ್ಯ ಮಾತ್ರ ಹಾಕಬ್ಯಾಡ್ರಿ, ಗಂಟಲಿಗೆ ಸಿಗತಾವ. ರಿಮೋಟಿನ ಗುಂಡೀ ಸೆಲ್ ಅಂತೂ ಕೈಗೇ ಸಿಗಬಾರದು, ನುಂಗಿದ್ರ ಒಳಗ ಸುಡತೈತಿ.

ಚಪಾತಿ ಮಾಡೂ ಹೊತ್ತಿನ್ಯಾಗ ಒಂದು ಉಂಡಿ ಹಿಟ್ಟು ಅಕಿಗೂ ಕೊಡ್ರಿ. ಬೇರೆ ನಾದೂದಾದ್ರ ಅರ್ಧ ಕಪ್ ಗೋಧಿ ಹಿಟ್ಟಿಗೆ ಎರಡು ಮೂರು ದೊಡ್ಡ ಚಮಚ ನೀರು, ಎರಡು ಹನಿ ಎಣ್ಣಿ. ಆಟದ ಹಿಟ್ಟು ಕೆಡಬಾರದು ಅಂತ ಕೆಲವರು ಉಪ್ಪು ಸುರೀತಾರ, ಅದು ಬ್ಯಾಡ. ಕೂಸು ತಿಂದೇ ತಿಂತದ, ಅಷ್ಟು ಉಪ್ಪು ಅಪಾಯ. ಒತ್ತು, ಎಳಿ, ಹರಿ, ಉರುಳಿಸು, ನಾಲ್ಕೇ ಮಾತು, ಕೈ ಕೆಲಸದ ಜೋಡಿ.

ನೀರಾಟ ಜಳಕದ ಮನಿಯಾಗ ಚಲೋ, ಒಂದು ಲೋಟ, ಒಂದು ಜರಡಿ ಸಾಕು. ಆದ್ರ ಬಕೆಟ್ ಕಡೆ ಬಿಟ್ಟು ಒಂದು ನಿಮಿಷಾನೂ ಹೊರಗ ಹೋಗಬ್ಯಾಡ್ರಿ. ನಾಲ್ಕು ಬೆರಳು ನೀರಾಗೂ ಕೂಸು ಮುಳುಗತೈತಿ. ಆಟ ಮುಗದ ಕೂಡಲೇ ಬಕೆಟ್ ಬೋರಲ ಹಾಕ್ರಿ.

ಪುಟ್ಟಿಯಪ್ಪ:
ತುಂಬಾ ಉಪಯೋಗ ಆಯ್ತು ಅಕ್ಕಾ, ಮೇಡಂ. ಮೇಲೆ ಎಸೆದು ಹಿಡಿಯೋದು, ಕೈ ಹಿಡಿದು ತೂಗೋದು ಅವಳಿಗೆ ಬಹಳ ಇಷ್ಟ. ಅದು ಸರೀನಾ?

ಮೊಣಕೈ_ಮೊಣಕಾಲು (ಮಕ್ಕಳ ಫಿಸಿಯೋಥೆರಪಿ):
ಎರಡೂ ಬಿಡಿ. ಒಂದರಿಂದ ನಾಲ್ಕು ವರ್ಷದವರೆಗೆ ಮೊಣಕೈಯಲ್ಲಿ ಮೂಳೆಯ ತಲೆಯನ್ನು ಹಿಡಿದಿಡುವ ಪಟ್ಟಿ ಸಡಿಲವಾಗಿರುತ್ತೆ. ಮುಂಗೈ ಹಿಡಿದು ಎತ್ತಿದರೆ, ತೂಗಿದರೆ, ರಸ್ತೆ ದಾಟುವಾಗ ಥಟ್ಟನೆ ಎಳೆದರೂ ಕೀಲು ಜಾರಬಹುದು. ಜಾರಿದರೆ ಮಗು ಆ ಕೈಯನ್ನು ಸ್ವಲ್ಪ ಮಡಚಿ ಮೈಗೆ ಒತ್ತಿಕೊಂಡು ಬಳಸದೇ ಇರುತ್ತೆ. ಮನೆಯಲ್ಲಿ ತಿರುಗಿಸಿ ಕೂರಿಸಲು ಹೋಗಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಎತ್ತುವಾಗ ಕಂಕುಳಲ್ಲಿ ಕೈ ಹಾಕಿ.

ಬದಲಿಗೆ ಕೂಸುಮರಿ ಆಡಿಸಿ. ಇಲ್ಲವೇ ನೀವು ಮಂಡಿಯೂರಿ ಆನೆಯಾಗಿ, ಅವಳು ಬೆನ್ನ ಮೇಲೆ, ಪಕ್ಕದಲ್ಲಿ ಅಮ್ಮ ಹಿಡಿದುಕೊಳ್ಳಲಿ. ಆನೆ ಆಗಾಗ ನಿಲ್ಲಲಿ, "ಹೋಗು" ಅಂದರೆ ಹೊರಡಲಿ. ಕಚಗುಳಿ ಇಡುವುದಾದರೆ ಮೂರು ಸೆಕೆಂಡು ಇಟ್ಟು ಕೈ ತೆಗೆಯಿರಿ. ಅವಳೇ ನಿಮ್ಮ ಕೈ ಎಳೆದರೆ ಇನ್ನೊಮ್ಮೆ. ಮುಖ ತಿರುಗಿಸಿದರೆ, ನಗುತ್ತಿದ್ದರೂ ಸಾಕು ಎಂದೇ ಅರ್ಥ. ನಿಮ್ಮ ವೇಳೆಗೆ ಓಡಾಟದ ಆಟ ಎಂಟು ಗಂಟೆಯೊಳಗೆ ಮುಗಿಯಲಿ, ಇಲ್ಲದಿದ್ದರೆ ನಿದ್ದೆ ಹತ್ತುವುದಿಲ್ಲ.

ಮಾತು_ಮುತ್ತು (ವಾಕ್ ಚಿಕಿತ್ಸೆ, ಮೈಸೂರು):
ತುಳು ವಿಷಯ ಬಿಟ್ಟುಹೋಯ್ತು. ಅಜ್ಜಿ ತುಳುವಲ್ಲೇ ಮಾತಾಡಲಿ, ದಯವಿಟ್ಟು ನಿಲ್ಲಿಸಬೇಡಿ. ಎರಡು ಭಾಷೆ ಕೇಳೋದರಿಂದ ಮಾತು ತಡ ಆಗಲ್ಲ. ಅಜ್ಜಿ ತಮಗೆ ಸರಾಗವಲ್ಲದ ಭಾಷೆಗೆ ಬದಲಾದರೆ ಅವರ ಹಾಡು, ಹರಟೆ, ಮುದ್ದು ಎಲ್ಲ ಕಡಿಮೆಯಾಗತ್ತೆ, ನಷ್ಟ ಅದೇ. ಪದ ಎಣಿಸುವಾಗ ಎರಡೂ ಭಾಷೆ ಸೇರಿಸಿ. "ಪುಚ್ಚೆ" ಒಂದು, "ಬೆಕ್ಕು" ಒಂದು. ಅವಳು ತುಳುವಲ್ಲಿ "ಬೊಡ್ಚಿ" ಅಂದರೆ "ಬೇಡ್ವಾ? ಸರಿ, ಬೇಡ" ಅಂತ ಕನ್ನಡದಲ್ಲಿ ನೀವು ಉತ್ತರಿಸಿದರೆ ಸಾಕು.

ಆ ಅರ್ಧ ಗಂಟೆ ಟಿವಿ ಆಫ್ ಮಾಡಿ. ಯಾರೂ ನೋಡದೆ ಸುಮ್ಮನೆ ಓಡ್ತಿದ್ದರೂ ದೊಡ್ಡವರು ಮಗುವಿನ ಜೊತೆ ಆಡೋ ಮಾತು ಕಡಿಮೆಯಾಗತ್ತೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಒಂದು ವರ್ಷದ ಮಕ್ಕಳಿಗೆ ಪರದೆ ಬೇಡ, ಎರಡು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೇದು ಅಂತ.

ನೀವು ಬರೆದದ್ದು ನೋಡಿದರೆ ಈಗ ಗಾಬರಿ ಬೇಕಿಲ್ಲ. ಅರ್ಥ ಮಾಡ್ಕೊಳ್ಳೋದು, ಬೆರಳು ತೋರಿಸೋದು ಎರಡೂ ಇದೆ. ಎರಡು ವರ್ಷ ತುಂಬಿದರೂ "ಅಮ್ಮ ಬಾ", "ನೀರು ಬೇಡ" ಥರ ಎರಡು ಪದ ಸೇರಿಸದಿದ್ದರೆ ತೋರಿಸಿ. ಹೆಸರು ಕರೆದರೆ ತಿರುಗದಿದ್ದರೆ, ಬರ್ತಿದ್ದ ಮಾತು ನಿಂತುಹೋದರೆ ಎರಡು ವರ್ಷಕ್ಕೂ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ. ಪದೇ ಪದೇ ನೆಗಡಿಯಾದರೆ ಕಿವಿಯೊಳಗೆ ನೀರು ನಿಂತು ಕೇಳೋದು ಮಂಕಾಗತ್ತೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡೂ ನೋಡ್ತಾರೆ. ದೂರ ಆದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೇ ಬರತ್ತೆ, ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಕಳಿಸ್ತಾರೆ. ಹೋಗುವಾಗ ಮನೇಲಿ ಆಡ್ತಿರೋ ಎರಡು ನಿಮಿಷದ ವಿಡಿಯೋ ಫೋನಲ್ಲಿ ಇರಲಿ. ಹೊಸ ಜಾಗದಲ್ಲಿ ಎಷ್ಟೋ ಮಕ್ಕಳು ಬಾಯೇ ಬಿಡಲ್ಲ.